ಬೇಟೆನಾಯಿಯ ಶಿಸ್ತು

ಭಾನುವಾರ ಬೆಳಿಗ್ಗೆ ನಾಣಿ ಕಾರಿನ ಕೀ ತಿರುಗಿಸಿದ. ಕಾರು ಉಸಿರೆತ್ತಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಒಳಗೆಲ್ಲೋ ‘ಟಿಕ್’ ಎಂದಿತು, ಅಷ್ಟೆ. ಇಳಿದು ಬಾನೆಟ್ ಎತ್ತಿದರೆ ಬ್ಯಾಟರಿಯ ಪಕ್ಕದಲ್ಲಿ ಅರ್ಧ ತಿಂದ ಕೊಬ್ಬರಿ ಚೂರು, ಒಂದು ಹಳೆಯ ಸಾಕ್ಸು, ಶ್ಯಾವಿಗೆಯ ಹಾಗೆ ಸಣ್ಣಗೆ ಕತ್ತರಿಸಿದ ಕೆಂಪು ಹಳದಿ ವೈರುಗಳು. ಸಾಕ್ಸು ಅವನದೇ.

“ಹೆಗ್ಗಣ!” ಎಂದು ಅವನು ಕಿರುಚಿದ್ದು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದವರಿಗೂ ಕೇಳಿಸಿತು.

ಆರು ವಾರದಲ್ಲಿ ಇದು ಮೂರನೇ ಸಲ. ನಾಣಿಗೆ ಸಿಟ್ಟು ಬರುವುದು ಹೊಸದೇನಲ್ಲ. ಮೂವತ್ತನಾಲ್ಕು ವರ್ಷ ವಿಮಾನ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೂದಲೆಳೆ ತಪ್ಪದ ಹಾಗೆ ಕೆಲಸ ಮಾಡಿ ನಿವೃತ್ತನಾದವನು. ಆಮೇಲೆ ಇಡೀ ಊರೇ ಅವನ ಅಳತೆಗೆ ಸೊಟ್ಟಗೆ ಕಾಣತೊಡಗಿತ್ತು. ಪೇಪರಿನವನ ಎಸೆತದ ಮೇಲೆ ಸಿಟ್ಟು, ಸಿಗ್ನಲ್ಲಿನ ಮೇಲೆ ಸಿಟ್ಟು, ಉಬ್ಬದ ಪೂರಿಯ ಮೇಲೆ ಸಿಟ್ಟು. ಅವೆಲ್ಲ ಬಂದು ಹೋಗುವ ಸಿಟ್ಟುಗಳು. ಹೆಗ್ಗಣದ ಮೇಲಿನದು ಮಾತ್ರ ಹಾಸಿಗೆ ಹಾಸಿಕೊಂಡು ಮನೆಯಲ್ಲೇ ಉಳಿದುಬಿಟ್ಟಿತ್ತು. ಬೋನು ಇಟ್ಟರೆ ಅದು ಬೋಂಡಾ ತಿಂದು ಬೋನು ಬಿಟ್ಟು ಹೋಗಿತ್ತು. ಪಾಷಾಣ ಇಟ್ಟರೆ ತಿಂದು ಇನ್ನಷ್ಟು ದಪ್ಪಗಾಗಿತ್ತು. ಎಲ್ಲಿಂದಲೋ ತಂದ ಬೆಕ್ಕು ಒಂದೇ ಸಲ ಅದರ ಮುಖ ನೋಡಿ, ಬೇರೆ ಮನೆ ಹುಡುಕಿಕೊಂಡಿತ್ತು.

ಹೆಂಡತಿ ಸುಬ್ಬಲಕ್ಷ್ಮಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದಳು.

“ರೀ, ಇವತ್ತು ಸಂಜೆ ಹಲಸೂರಲ್ಲಿ ನಮ್ಮಕ್ಕನ ಮಗಳ ರಿಸೆಪ್ಷನ್ನು. ನೆನಪಿದ್ಯಾ?”

“ಇದೆ.”

“ಎಂಗೇಜ್‌ಮೆಂಟಿಗೆ ಟೆಂಪೋದಲ್ಲಿ ಹೋದ್ವಿ. ಹಿಂದ್ಗಡೆ. ರೇಷ್ಮೆ ಸೀರೆ ಉಟ್ಕೊಂಡು ಅಡಿಗೆಯವರ ಸಿಲಿಂಡರ್ ಪಕ್ಕ ಕೂತಿದ್ದೆ ನಾನು. ಅದು ನೆನಪಿದ್ಯಾ?”

“ಇದೆ ಕಣೇ.”

“ಹಾಗಾದ್ರೆ ಕೇಳಿಸ್ಕೊಳ್ಳಿ. ಸಂಜೆ ಆರಕ್ಕೆ ಈ ಕಾರು ಸ್ಟಾರ್ಟ್ ಆಗ್ಬೇಕು. ಆಗ್ಲಿಲ್ವಾ, ನಾಳೆ ಕಾರು ಗುಜರಿಗೆ, ಜಾಗ ಜಯಂತ್‌ಗೆ.”

ಜಯಂತ್ ಪಕ್ಕದ ಮನೆಯವನು, ಇನ್ಶೂರೆನ್ಸ್ ಆಫೀಸರು. ಎರಡು ಕಾರಿದ್ದವು, ನಿಲ್ಲಿಸಲು ಒಂದೇ ಜಾಗವಿತ್ತು. ಎರಡು ವರ್ಷದಿಂದ ನಾಣಿಯ ಕಾಂಪೌಂಡಿನ ಕಡೆ, ಮದುವೆಮನೆಯಲ್ಲಿ ಎಲೆ ಖಾಲಿಯಾಗುವುದನ್ನು ಕಾಯುವವನ ಹಾಗೆ ನಿಂತು ನೋಡುತ್ತಿದ್ದ. ನಾಣಿಯದು ಹಳೆಯ ಮಾರುತಿ. ಮಗಳು ಚಿನ್ಮಯಿಯನ್ನು ಆಸ್ಪತ್ರೆಯಿಂದ ಮನೆಗೆ ತಂದದ್ದು ಅದರಲ್ಲಿ, ಮದುವೆ ಮಾಡಿ ಕಳಿಸಿದ್ದೂ ಅದರಲ್ಲೇ. ಅದನ್ನು ಗುಜರಿಗೆ ಹಾಕುವುದೆಂದರೆ ನಾಣಿಗೆ ತನ್ನನ್ನೇ ಹಾಕಿದ ಹಾಗೆ.

ಬೀದಿಯ ಕೊನೆಯಲ್ಲಿ ಗ್ಯಾರೇಜು ಇಟ್ಟಿದ್ದ ಅಬ್ರಾರ್ ಬಂದ. ಬಾನೆಟ್ಟಿನೊಳಗೆ ತಲೆ ತೂರಿಸಿ ನಾಲಿಗೆ ಲೊಚಗುಟ್ಟಿದ.

“ಮಧ್ಯಾಹ್ನದೊಳಗೆ ಹೊಸ ವೈರ್ ಹಾಕ್ಕೊಡ್ತೀನಿ ಸಾರ್. ಆದ್ರೆ ಹೆಗ್ಗಣಕ್ಕೆ ನಾನೇನ್ ಮಾಡ್ಲಿ? ನಾನು ಹಾಕೋದು, ಅದು ತಿನ್ನೋದು. ಮೆಸ್ ನಡೆಸ್ದಂಗಾಯ್ತು.”

“ಅಂಕಲ್, ಇಷ್ಟೆಲ್ಲ ಕಷ್ಟ ಯಾಕೆ?” ಎಂದು ಕಾಂಪೌಂಡಿನ ಮೇಲಿಂದ ಜಯಂತ್ ಇಣುಕಿದ. “ಕಾರು ಕೊಟ್ಬಿಡಿ. ಕಾರೇ ಇಲ್ದಿದ್ರೆ ಹೆಗ್ಗಣ ಏನ್ ತಿನ್ನುತ್ತೆ?”

“ನಿನ್ನ ಕಾರ್ ತಿನ್ನುತ್ತೆ! ಹೋಗಯ್ಯಾ ಒಳಗೆ!”

ಆ ಕೂಗಿಗೆ ಗೇಟಿನ ಬಳಿ ಮುನಿಆಂಜನಪ್ಪ ನಿಂತ. ತಿಪ್ಪಸಂದ್ರ ಹಳ್ಳಿಯಾಗಿದ್ದಾಗಿನ ಮನೆತನ ಅವನದು. ರಾಗಿ ಹೊಲವಿದ್ದ ಕಡೆ ಈಗ ಮೂರು ಬಾಡಿಗೆ ಕಟ್ಟಡಗಳು. ಅವನ ಅಪ್ಪ ಮುಧೋಳ ನಾಯಿ ಸಾಕಿ ಕೆರೆಯಂಗಳದಲ್ಲಿ ಮೊಲ ಹಿಡಿಸುತ್ತಿದ್ದನಂತೆ. ಈಗ ಮೊಲವೂ ಇಲ್ಲ, ಇದ್ದರೂ ಹಿಡಿಯಲು ಕಾನೂನು ಬಿಡುವುದಿಲ್ಲ. ನಾಯಿಯ ವಿದ್ಯೆ ಮಾತ್ರ ಖರ್ಚಾಗದೆ ಅವನೊಳಗೆ ಉಳಿದುಬಿಟ್ಟಿತ್ತು.

“ಔಷ್ದಿ ಕೆಲ್ಸ ಅಲ್ಲ ಸಾಮಿ ಇದು, ಬೇಟೆನಾಯಿ ಕೆಲ್ಸ,” ಎಂದ. “ಪೂರಾ ಮುಧೋಳ ಬ್ಯಾಡ, ಅದಕ್ಕೆ ಬಯಲು ಬೇಕು. ಕ್ರಾಸ್ ಆಗಿರ್ಬೇಕು. ಓಟ ಮುಧೋಳದ್ದು, ಬುದ್ಧಿ ಬೀದಿಯದ್ದು.”

ಅಬ್ರಾರ್ ಬಾನೆಟ್ಟಿನಿಂದ ತಲೆ ಹೊರತೆಗೆದ. “ಶಿವಾಜಿನಗರದಲ್ಲಿ ನಮ್ ಮಾಮು ಶಫಿ ಹತ್ರ ಅಂಥದೇ ಮೂರಿದೆ ಸಾರ್. ರಸೆಲ್ ಮಾರ್ಕೆಟ್ ಹಿಂದ್ಗಡೆ ಮಟನ್ ಅಂಗಡಿ. ನಾನ್ ಹೇಳ್ದೆ ಅನ್ನಿ.”

ಒಂಬತ್ತಕ್ಕೆಲ್ಲ ನಾಣಿ, ಮುನಿಆಂಜನಪ್ಪ ಇಬ್ಬರೂ ಶಫಿಯ ಅಂಗಡಿಯ ಮುಂದಿದ್ದರು. ಭಾನುವಾರದ ವ್ಯಾಪಾರ ಜೋರಾಗಿತ್ತು. ಹುಟ್ಟಿನಿಂದ ಸಸ್ಯಾಹಾರಿಯಾದ ನಾಣಿ ಮೂಗಿಗೆ ಕರ್ಚೀಫು ಒತ್ತಿ, ನೇತಾಡುವ ತೊಡೆಗಳ ಕಡೆ ನೋಡದೆ, ಆಕಾಶಕ್ಕೆ ಮುಖ ಮಾಡಿ ಮಾತಾಡಿದ. ಶಫಿ ಮೂರು ನಾಯಿಗಳನ್ನು ಸಾಲಾಗಿ ನಿಲ್ಲಿಸಿದ.

“ಒಂದೇ ಹೊಟ್ಟೇಲಿ ಹುಟ್ಟಿದ್ದು ಸಾರ್. ತಾಯಿ ಮುಧೋಳ, ಅಪ್ಪ ಮಾರ್ಕೆಟ್ಟು.”

ಮೊದಲನೆಯದು ಬಿಳಿಯ ಗಂಡು, ಕರುವಿನಷ್ಟು ಎತ್ತರ. ನಾಣಿಗೆ ಕಂಡ ಕೂಡಲೇ ಮನಸ್ಸಾಯಿತು. ಮುನಿಆಂಜನಪ್ಪ ಅವನ ಕೈ ಹಿಡಿದು ನಿಲ್ಲಿಸಿದ. ಒಂದೊಂದರ ಎದೆಯ ಇಳಿತ ನೋಡಿದ, ಸೊಂಟಕ್ಕೆ ಗೇಣು ಹಾಕಿದ, ಪಾದದ ಬೆರಳು ಬಿಡಿಸಿ ನೋಡಿದ, ಬಾಲವನ್ನು ಹಿಂಗಾಲಿನ ಸಂದಿಯಿಂದ ತಂದು ಎಲ್ಲಿ ಮುಟ್ಟುತ್ತದೆಂದು ನೋಡಿದ. ಹುಡುಗಿ ನೋಡಲು ಬಂದವರೂ ಇಷ್ಟು ಪರೀಕ್ಷೆ ಮಾಡುವುದಿಲ್ಲ. ಕೊನೆಗೆ ಹೆಗಲ ಟವೆಲನ್ನು ಉಂಡೆ ಮಾಡಿ ಬೀಸಿ ಎಸೆದ. ಬಿಳಿ ಗಂಡು ಬೊಗಳಿತು. ಎರಡನೆಯದು ಟವೆಲಿನ ಹಿಂದೆ ಓಡಿತು. ಮೂರನೆಯದೊಂದು ಹೆಣ್ಣು, ಬೂದು ಪಟ್ಟೆಯದು, ಪಕ್ಕೆಲುಬು ಎಣಿಸುವಷ್ಟು ಸಣಕಲು. ಅದು ಟವೆಲನ್ನು ನೋಡಲೇ ಇಲ್ಲ. ಟವೆಲು ಬೀಳುವ ಜಾಗಕ್ಕೆ ಟವೆಲಿಗಿಂತ ಮೊದಲೇ ಹೋಗಿ ನಿಂತಿತ್ತು.

“ಇದೇ,” ಎಂದ ಮುನಿಆಂಜನಪ್ಪ.

“ಇದಾ? ಇದಕ್ಕೆ ಮೊದ್ಲು ಗ್ಲೂಕೋಸ್ ಹಾಕಿಸ್ಬೇಕಲ್ರೀ!”

“ನೀವು ಟೂಲ್ ರೂಮಲ್ಲಿ ದಪ್ಪ ಬ್ಲೇಡ್ ಇಟ್ಕೊಂಡಿದ್ರಾ ಸಾಮಿ, ಸಣ್ಣದಾ?”

ಶಫಿ ಆ ಹೆಣ್ಣುನಾಯಿಯನ್ನು ಮಾರ್ಕೆಟ್ಟಿನ ಹಿಂದಿನ ಕಸದ ರಾಶಿಯ ಬಳಿ ಬಿಟ್ಟು ತೋರಿಸಿದ. ಕೋಸಿನ ಎಲೆ ಅಲುಗಿತು, ಒಂದು ಗೆರೆ ಎಳೆದಂತಾಯಿತು, ಅವಳ ಬಾಯಲ್ಲಿ ಹೆಗ್ಗಣವಿತ್ತು. ತಂದು ಶಫಿಯ ಕಾಲಬುಡದಲ್ಲಿ ಹಾಕಿ, ಮುಖ ಆಚೆ ತಿರುಗಿಸಿ ಕೂತಳು.

ಅಂಗಡಿಗೆ ಮರಳಿದಾಗ ಇನ್ನೊಂದು ವಿಚಿತ್ರ ನಡೆಯಿತು. ಕೊಕ್ಕೆಯಿಂದ ಒಂದು ತುಂಡು ಮಾಂಸ ಜಾರಿ ಅವಳ ಮೂಗಿನ ಮುಂದೆಯೇ ಬಿತ್ತು. ಅವಳು ಅದನ್ನು ಮೂಸಲೂ ಇಲ್ಲ. ಎರಡು ಹೆಜ್ಜೆ ಸರಿದು ಕೂತಳು.

“ಅದು ನನ್ನ ಟ್ರೈನಿಂಗ್ ಸಾರ್,” ಎಂದ ಶಫಿ. “ಮರಿ ಇದ್ದಾಗಿಂದ ಕಲಿಸಿದೀನಿ. ಅಂಗಡೀಲಿ ಏನೇ ಬೀಳಲಿ, ಬಾಯಿ ಹಾಕೋ ಹಂಗಿಲ್ಲ. ತಟ್ಟೇಲಿ ಹಾಕಿದ್ದು ಮಾತ್ರ ತಿನ್ಬೇಕು.”

ನಾಣಿಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಶಿಸ್ತು! ನಿವೃತ್ತನಾದ ಮೇಲೆ ಶಿಸ್ತೆಂಬುದನ್ನು ಅವನು ಕಂಡಿದ್ದು ಇದೇ ಮೊದಲು. “ಇಂಥಾ ನಾಯೀನ ಯಾಕಪ್ಪಾ ಕೊಡ್ತೀಯ?” ಎಂದು ಕೇಳಿದ.

“ಜಹನಾರಾ ಹೇಳಿದಾಳೆ ಸಾರ್, ಮೂರಲ್ಲಿ ಒಂದು ಕೊಡಿ ಅಂತ,” ಎಂದು ಶಫಿ ಕೌಂಟರಿನಲ್ಲಿ ಕೂತಿದ್ದ ಹೆಂಡತಿಯ ಕಡೆ ತಿರುಗಿದ. “ದುಡ್ಡು ಬೇಡ. ಚೆನ್ನಾಗಿ ನೋಡ್ಕೊಳ್ಳಿ. ಹೆಸರು ಪತಂಗ್, ಅಂದ್ರೆ ಗಾಳಿಪಟ.”

ಪತಂಗ್ ಆಟೋದಲ್ಲಿ ಗಾಳಿಪಟದ ಹಾಗೆಯೇ ಕಿವಿ ಹಾರಿಸಿಕೊಂಡು ತಿಪ್ಪಸಂದ್ರಕ್ಕೆ ಬಂದಿಳಿದಳು. ಬೀದಿಯೇ ಗೇಟಿನಲ್ಲಿ ನಿಂತಿತ್ತು. ಎದುರು ಮನೆಯ ಹಂಸ ಟೀಚರು ಬಿಸ್ಕತ್ತಿನ ಪೊಟ್ಟಣ ಒಡೆದುಕೊಂಡೇ ಬಂದರು.

“ಅಯ್ಯೋ ಕಂದಾ, ಎಷ್ಟು ಬಡಕಲು! ಬಾರೋ ಚಿನ್ನಾ…”

“ಹಾಕ್ಬೇಡಿ!” ಎಂದು ನಾಣಿ ಗುಡುಗಿದ. ದಾರಿಯುದ್ದಕ್ಕೂ ಮುನಿಆಂಜನಪ್ಪ ಪಾಠ ಹೇಳಿದ್ದ: ಬೇಟೆನಾಯಿಗೆ ಒಂದೇ ಕೈಯ ಊಟ, ಒಂದೇ ಜಾಗದ ಊಟ. ಹತ್ತು ಕೈ ಸೇರಿದರೆ ಅದು ಬೇಟೆನಾಯಿಯಾಗಿ ಉಳಿಯುವುದಿಲ್ಲ, ನೆಂಟರ ನಾಯಿಯಾಗುತ್ತದೆ. “ಇಡೀ ಬೀದಿಗೆ ಹೇಳ್ತಾ ಇದೀನಿ. ಇವಳು ಕೆಲಸಕ್ಕೆ ಬಂದಿರೋಳು. ನಮ್ಮನೇಲಿ ಬಿಟ್ರೆ ಎಲ್ಲೂ ತಿನ್ನಕೂಡ್ದು. ಯಾರಾದ್ರೂ ಒಂದು ಅಗಳು ಹಾಕಿದ್ರೆ ನಾನು ಸುಮ್ನಿರಲ್ಲ!”

“ಬಿಸ್ಕತ್ತಿಗೆ ಇಷ್ಟೊಂದು ಸಿಟ್ಟಾ?” ಎಂದು ಹಂಸ ಟೀಚರು ಪೊಟ್ಟಣ ಮಡಚಿ ಹಿಂದೆ ಸರಿದರು.

ಸುಬ್ಬಲಕ್ಷ್ಮಿಗೂ ಒಂದು ಷರತ್ತಿತ್ತು. “ಹಿಡಿಯೋದು ಏನಾದ್ರೂ ಹಿಡೀಲಿ. ಈ ಮನೇಲಿ ತಿನ್ನೋದು ಮಾತ್ರ ಮೊಸರನ್ನ. ಆಮೇಲೆ, ಮನೆಗೆ ಬಂದೋಳಿಗೆ ಊಟ ಹಾಕ್ದೆ ಕೆಲಸಕ್ಕೆ ಹಚ್ಚೋದಿಲ್ಲ.”

ಹಾಗಾಗಿ ಪತಂಗಳನ್ನು ಕಾರಿನ ಬಂಪರಿಗೆ ಕಟ್ಟಿದರು. ಸ್ಟೀಲಿನ ತಟ್ಟೆಯಲ್ಲಿ ಮೊಸರನ್ನ ಬಂತು. ಅವಳು ಮೊದಲು ಅನುಮಾನದಿಂದ ನೋಡಿ, ಆಮೇಲೆ ತಟ್ಟೆಯಲ್ಲಿ ಮುಖ ಕಾಣುವ ಹಾಗೆ ನೆಕ್ಕಿದಳು. ಕಾರನ್ನೊಮ್ಮೆ, ಕಾಂಪೌಂಡನ್ನೊಮ್ಮೆ, ಗೇಟನ್ನೊಮ್ಮೆ ನೋಡಿಕೊಂಡಳು. ಗೊತ್ತಾಯಿತು ಎಂಬಂತೆ ಕೂತಳು.

“ನೋಡಿದ್ರಾ? ಎಲ್ಲೆ ನೋಡ್ಕೊಂಡ್ಲು,” ಎಂದ ಮುನಿಆಂಜನಪ್ಪ.

ಅಬ್ರಾರ್ ವೈರು ಮುಗಿಸಿ, ಕಾರನ್ನು ಸ್ಟಾರ್ಟ್ ಮಾಡಿ ತೋರಿಸಿ ಹೋದ. ಆಮೇಲೆ ಬೇಟೆ ಶುರುವಾಯಿತು. ಕಾರಿನ ಹಿಂದಿನ ಚಕ್ರದ ಬಳಿ ಒಂದು ಬಿಲ, ತೊಟ್ಟಿಯ ಬಳಿ ಇನ್ನೊಂದು. ಒಂದಕ್ಕೆ ನೀರು ಹುಯ್ದರೆ ಹೆಗ್ಗಣ ಇನ್ನೊಂದರಿಂದ ಹೊರಡಲೇಬೇಕು. ನಾಣಿ ಚಕ್ರದ ಬಳಿಯ ಬಿಲಕ್ಕೆ ಕೊಳಗದಿಂದ ನೀರು ಸುರಿದ. ಮುನಿಆಂಜನಪ್ಪ ಪತಂಗಳ ಸರಪಣಿ ಬಿಚ್ಚಿ ತೊಟ್ಟಿಯ ಬಳಿ ನಿಲ್ಲಿಸಿದ. ಜಯಂತ್, ಹಂಸ ಟೀಚರು, ಬೀದಿಯ ಉಳಿದವರು ಗೋಡೆಯ ಮೇಲೆ ಗದ್ದ ಇಟ್ಟುಕೊಂಡು ಕಾದರು.

ಹೆಗ್ಗಣ ಹೊರಬಂತು. ಮೈ ಕೊಡವಿತು. ಪತಂಗಳ ಮುಂಗಾಲಿನಿಂದ ಒಂದು ಗೇಣು ದೂರದಲ್ಲಿ ನಿಂತು ಅವಳನ್ನು ನೋಡಿತು.

ಪತಂಗ್ ಮುಖ ಆಚೆ ತಿರುಗಿಸಿ ತೆಂಗಿನ ಮರ ನೋಡಿದಳು.

“ಹಿಡಿಯೇ! ಹಿಡೀ!” ನಾಣಿ ಕುಣಿದಾಡಿದ. “ಕಣ್ಣು ಕಾಣಲ್ವೇನೇ!” ಸಿಟ್ಟು ತಡೆಯಲಾರದೆ ತಾನೇ ಪೊರಕೆ ಹಿಡಿದು ಹೆಗ್ಗಣದ ಮೇಲೆ ಬಿದ್ದ. ಪೊರಕೆ ತೊಟ್ಟಿಗೆ ಹೋಯಿತು, ಕಾಲು ಕೆಸರಿನಲ್ಲಿ ಜಾರಿತು, ನಾಣಿ ಕೊಳಗದೊಳಗೆ ಕೂತ. ಹೆಗ್ಗಣ ಗೇಟಿನ ಕೆಳಗೆ ನುಸುಳಿ ರಸ್ತೆಗೆ ಓಡಿತು.

ಅದು ಗೇಟು ದಾಟಿದ್ದೇ ತಡ, ಬೂದು ಮಿಂಚೊಂದು ಗೇಟಿನ ಮೇಲಿಂದ ಹಾರಿತು. ಹಂಸ ಟೀಚರ ಮನೆ ಮುಂದಿನ ರಂಗೋಲಿಯ ಮೇಲೆ ಹೆಗ್ಗಣದ ಕತೆ ಮುಗಿಯಿತು. ಬೀದಿ ಚಪ್ಪಾಳೆ ತಟ್ಟಿತು.

ನಾಣಿ ಕೊಳಗದಲ್ಲಿ ಕೂತಲ್ಲೇ ಕೇಳಿದ: “ಇಲ್ಲೇ ಯಾಕೆ ಹಿಡೀಲಿಲ್ಲ?”

ಮುನಿಆಂಜನಪ್ಪ ಮೀಸೆ ತಿರುವಿದ. ಅವನಿಗೂ ಗೊತ್ತಿರಲಿಲ್ಲ. ಆದರೆ ಅಪ್ಪನ ಮರ್ಯಾದೆಯ ಪ್ರಶ್ನೆ. “ಮುಧೋಳದ ರಕ್ತ ಸಾಮಿ. ಕಾಲ್ಬುಡದಲ್ಲಿ ಬಂದಿದ್ದನ್ನ ಹಿಡೀಬೇಕಾ ಅದು? ಓಡಲಿ ಅಂತ ಬಿಟ್ಕೊಡ್ತು. ಅದು ದೊಡ್ಡತನ.”

ಈ ದೊಡ್ಡತನದ ಮಾತು ನಾಣಿಗೆ ಬಹಳ ಹಿಡಿಸಿತು. ಒದ್ದೆ ಪಂಚೆ ಹಿಂಡಿಕೊಂಡು ಎದ್ದ.

ಆಮೇಲೆ ಬೀದಿಗೆ ಬೀದಿಯೇ ಸಾಲು ನಿಂತಿತು. “ನಾಣಿಯವರೇ, ನಮ್ಮ ಸಂಪಿನ ಹತ್ರ ಒಂದು ಬಿಲ ಇದೆ,” ಎಂದು ಹಂಸ ಟೀಚರು. “ಅಂಕಲ್, ನಮ್ಮ ಗ್ಯಾರೇಜಲ್ಲಿ ಒಂದರ್ಧ ಗಂಟೆ,” ಎಂದು ಜಯಂತ್. ಬೆಳಿಗ್ಗೆಯಿಂದ ಗದರಿಸಿಕೊಂಡವರೆಲ್ಲ ಈಗ ನಾಣಿಯ ಮುಂದೆ ಕೈ ಕಟ್ಟಿ ನಿಂತಿದ್ದರು. ಅದಕ್ಕಿಂತ ಸಿಹಿಯಾದದ್ದು ಏನಿದೆ? ನಾಣಿ ಸರಪಣಿ ಹಿಡಿದು, ಹಬ್ಬದ ಬಸವನ ಹಾಗೆ ಅವಳನ್ನು ಮನೆಮನೆಗೆ ಕರೆದೊಯ್ದ. ಹಂಸ ಟೀಚರ ಸಂಪಿನ ಬಳಿ ಮೂರು. ಜಯಂತನ ಗ್ಯಾರೇಜಿನಲ್ಲಿ ಎರಡು. ಮುನಿಆಂಜನಪ್ಪನ ಕಟ್ಟಡದ ಹಿಂದೆ ನಾಲ್ಕು. ತಪ್ಪಿಸಿಕೊಂಡವು ಚರಂಡಿಗೆ ಇಳಿದು ಎತ್ತಲೋ ಓಡಿದವು. ಎತ್ತ ಎಂದು ಯಾರೂ ನೋಡಲಿಲ್ಲ. ಪ್ರತಿ ಮನೆಯಲ್ಲೂ ಯಾರಾದರೂ ತಟ್ಟೆ ತಂದರು, ಪ್ರತಿ ಮನೆಯಲ್ಲೂ ನಾಣಿ ಕೂಗಾಡಿದ.

“ಒಂದು ತೊಟ್ಟು ಹಾಲು ಅಂಕಲ್…”

“ತೊಟ್ಟೂ ಇಲ್ಲ, ಗಿಟ್ಟೂ ಇಲ್ಲ! ಊಟ ನಮ್ಮನೇಲಿ, ಕೆಲಸ ನಿಮ್ಮನೇಲಿ. ನನ್ನ ಶಿಸ್ತು ಕೆಡಿಸ್ಬೇಡಿ!”

ಮಧ್ಯೆ ಎರಡು ಸಲ ಅವಳನ್ನು ಮನೆಗೆ ತಂದು, ಅದೇ ಬಂಪರಿಗೆ ಕಟ್ಟಿ, ಅದೇ ತಟ್ಟೆಯಲ್ಲಿ ಮೊಸರನ್ನ ಹಾಕಿದ.

ಸಂಜೆ ಆರಕ್ಕೆ ಸುಬ್ಬಲಕ್ಷ್ಮಿ ಮಾವಿನಚಿಗುರಿನ ಬಣ್ಣದ ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು ಕಾರಿನಲ್ಲಿ ಕೂತಳು. ನಾಣಿ ಕಾಲರು ಸರಿಮಾಡಿಕೊಂಡು, ಗೋಡೆಯಾಚೆ ನಿಂತ ಜಯಂತನಿಗೆ ಕೇಳುವ ಹಾಗೆ “ಸ್ಟಾರ್ಟ್ ಮಾಡ್ತೀನಿ” ಎಂದು ಕೀ ತಿರುಗಿಸಿದ.

ಟಿಕ್.

ಅಬ್ರಾರ್ ಓಡಿಬಂದು ಬಾನೆಟ್ ಎತ್ತಿದ. ಎತ್ತಿದವನು ಹಾಗೇ ನಿಂತ. ಬ್ಯಾಟರಿಯ ಮೇಲೆ ಎರಡು, ರೇಡಿಯೇಟರಿನ ಹಿಂದೆ ಎರಡು, ಒಟ್ಟು ನಾಲ್ಕು ಹೆಗ್ಗಣಗಳು ಕತ್ತೆತ್ತಿ, ಊಟದ ಹೊತ್ತಲ್ಲಿ ಬಾಗಿಲು ತೆಗೆದವನನ್ನು ನೋಡುವಂತೆ ಅವನನ್ನು ನೋಡಿದವು. ಓಡಲಿಲ್ಲ. ಹೊಸ ವೈರು ಪೂರ್ತಿ ಚೂರಾಗಿತ್ತು. ಕಾರಿನ ಕೆಳಗೆ ಇನ್ನೆಷ್ಟೋ ಸದ್ದು. ಹಂಸ ಟೀಚರ ಸಂಪಿನವು, ಜಯಂತನ ಗ್ಯಾರೇಜಿನವು, ಮುನಿಆಂಜನಪ್ಪನ ಕಟ್ಟಡದವು, ಬೀದಿಯ ಅಷ್ಟೂ ನಿರಾಶ್ರಿತರು ಇಲ್ಲಿ ಬಂದಿಳಿದಿದ್ದರು. ಬಂಪರಿನ ಕೆಳಗೆ ಪತಂಗ್ ಮಲಗಿದ್ದಳು. ಒಂದು ಹೆಗ್ಗಣ ಅವಳ ಬಾಲ ದಾಟಿ ಹೋಗಲು ನೋಡಿತು. ಅವಳು ಬಾಲವನ್ನು ಒಳಗೆಳೆದುಕೊಂಡು ದಾರಿ ಬಿಟ್ಟಳು.

ನಾಣಿ ಶಫಿಗೆ ಫೋನ್ ಮಾಡಿದ. ಬೀದಿಯವರೆಲ್ಲ ಸುತ್ತ ನಿಂತಿದ್ದರು. “ಸ್ಪೀಕರ್ ಹಾಕಿ ಸಾಮಿ,” ಎಂದ ಮುನಿಆಂಜನಪ್ಪ. ಹಾಕಿದ.

“ಏನಯ್ಯಾ, ಎಂಥಾ ನಾಯಿ ಕೊಟ್ಟೆ? ಊರೆಲ್ಲ ಹಿಡೀತಾಳೆ, ನಮ್ಮನೇಲಿ ಮಾತ್ರ ಹೆಗ್ಗಣಕ್ಕೆ ನಮಸ್ಕಾರ ಹಾಕ್ತಾಳೆ!”

“ಎಲ್ಲಿ ಕಟ್ಟಿದ್ರಿ ಸಾರ್?”

“ಕಾರಿಗೆ.”

“ಊಟ?”

“ಅಲ್ಲೇ. ನಾನೇ ಹಾಕ್ದೆ. ಬೇರೆ ಯಾರ ಕೈಲೂ ತಿನ್ನಿಸಿಲ್ಲ!”

“ಹಂಗಾದ್ರೆ ಅದು ಅಂಗಡಿ ಆಯ್ತು ಸಾರ್. ಕಟ್ಟಿ ಊಟ ಹಾಕೋ ಜಾಗದಲ್ಲಿ ಅವಳು ಬಾಯಿ ಹಾಕಲ್ಲ. ಬೆಳಿಗ್ಗೆ ತೋರಿಸ್ದೆ ಅಲ್ವಾ?”

“ಅದು ಮಾಂಸಕ್ಕಯ್ಯಾ! ಇದು ಹೆಗ್ಗಣ!”

“ನೇತಾಡೋ ಮಾಂಸ ಬೇರೆ, ಓಡಾಡೋ ಮಾಂಸ ಬೇರೆ ಅಂತ ಅವಳಿಗೆ ಯಾರ್ ಸಾರ್ ಹೇಳ್ಕೊಡ್ತಾರೆ?”

ನಾಣಿಗೆ ಥಟ್ಟನೆ ಏನೋ ಹೊಳೆಯಿತು. “ಶಫಿ, ನಿನ್ನ ಅಂಗಡೀಲಿ ಹೆಗ್ಗಣ ಇದ್ಯಾ?”

ಶಫಿ ದನಿ ತಗ್ಗಿಸಿದ.

“ತುಂಬ ಇದೆ ಸಾರ್. ಅಕ್ಕಪಕ್ಕದ ಅಂಗಡೀಲಿ ಒಂದೂ ಇಲ್ಲ. ಅದಕ್ಕೇ ಜಹನಾರಾ ಕೊಡಿ ಅಂದಿದ್ದು.”

ನಾಣಿಯ ಮುಖ ಹಲಸೂರಿನ ಸೂರ್ಯಾಸ್ತದಂತಾಯಿತು. ಶಫಿ ಮುಂದುವರಿಸಿದ. “ಬೇಜಾರ್ ಮಾಡ್ಕೊಬೇಡಿ. ದಾರಿ ಇದೆ. ಪಕ್ಕದ ಮನೇಲಿ ಕಟ್ಟಿ, ಅವರ ಕೈಲಿ ಎರಡು ದಿನ ಊಟ ಹಾಕಿಸಿ. ನಿಮ್ಮನೇಲಿ ಒಂದು ಹೆಗ್ಗಣ ಉಳಿಯಲ್ಲ.”

“ಮತ್ತೆ ಅವೆಲ್ಲ ಎಲ್ಲಿಗೆ ಹೋಗುತ್ತೆ?”

“ಅವರ ಮನೆಗೆ ಸಾರ್.”

ಇದನ್ನು ಇಡೀ ಬೀದಿ ಕೇಳಿಸಿಕೊಂಡಿತು. ನಾಣಿ ಫೋನಿಟ್ಟು ತಲೆಯೆತ್ತುವಷ್ಟರಲ್ಲಿ ಸುತ್ತ ನಿಂತವರಲ್ಲಿ ಅರ್ಧ ಜನ ಇರಲಿಲ್ಲ.

ಸುಬ್ಬಲಕ್ಷ್ಮಿ ಸೆರಗು ಕೊಡವಿ ಕಾರಿನಿಂದ ಇಳಿದಳು. “ಜಯಂತ್, ನಾಳೆ ಬೆಳಿಗ್ಗೆ ನಿಮ್ಮ ಕಾರು ತಂದು ಇಲ್ಲಿ ನಿಲ್ಲಿಸ್ಕೊಳ್ಳಿ. ಇವರ ಕಾರು ಗುಜರಿಗೆ.”

“ಬೇಡ ಆಂಟಿ!” ಜಯಂತ್ ಎರಡು ಹೆಜ್ಜೆ ಹಿಂದೆ ಸರಿದ. “ಆ ಜಾಗದಲ್ಲಾ? ಹೊಸ ಕಾರು ಆಂಟಿ ನಂದು! ಅಂಕಲ್ ಕಾರೇ ಇರ್ಲಿ. ದಯವಿಟ್ಟು ಅದನ್ನ ತೆಗೀಬೇಡಿ. ಅದು ಇಲ್ದಿದ್ರೆ ಅವು ನಮ್ಮನೆಗೆ ಬರ್ತವೆ!”

ಆಟೋ ಬಂತು. ಸುಬ್ಬಲಕ್ಷ್ಮಿ ಗಂಡನ ಕಡೆ ನೋಡದೆ ಹತ್ತಿ ಹೋದಳು.

ನಾಣಿ ಸ್ಟೀಲಿನ ತಟ್ಟೆಯಲ್ಲಿ ಮೊಸರನ್ನ ಹಾಕಿಕೊಂಡು ಬೀದಿಗಿಳಿದ. ಪತಂಗ್ ಸರಪಣಿ ಎಳೆಯದೆ ಶಿಸ್ತಾಗಿ ಹಿಂದೆ ಬಂದಳು. ಮೊದಲು ಎದುರು ಮನೆ.

“ಟೀಚರೇ, ಬೆಳಿಗ್ಗೆ ಪಾಪ ಬಿಸ್ಕತ್ತು ಹಾಕ್ತೀನಿ ಅಂದ್ರಲ್ಲ. ಈಗ ಹಾಕ್ಬೋದು. ಇಲ್ಲೇ ಕಟ್ಕೊಂಡ್ರೂ ಆಯ್ತು…”

“ಒಂದೇ ಕೈ ಊಟ ಅಂದ್ರಿ ನೀವು,” ಎಂದು ಹಂಸ ಟೀಚರು ಕಿಟಕಿಯಿಂದಲೇ ಹೇಳಿದರು. “ನಿಮ್ಮ ಶಿಸ್ತು ನಾನು ಕೆಡಿಸಲ್ಲಪ್ಪ.” ಕಿಟಕಿ ಮುಚ್ಚಿತು.

ಜಯಂತನ ಮನೆಯಲ್ಲಿ ದೀಪವೇ ಆರಿತು. ಮುನಿಆಂಜನಪ್ಪ ಗೇಟಿನ ಚಿಲಕ ಹಾಕಿ, ಒಳಗಿನಿಂದ ಕೈ ಮುಗಿದ. “ನಮ್ಮಪ್ಪ ಹೇಳೋನು ಸಾಮಿ, ಬೇಟೆನಾಯಿ ಯಜಮಾನ್ರು ಬದಲಾಯಿಸ್ಬಾರದು.”

“ನಿಮ್ಮಪ್ಪನ ತಲೆ!” ನಾಣಿಯ ಕೂಗು ಜೀವನ್ ಬಿಮಾ ನಗರಕ್ಕೆ ಮುಟ್ಟಿರಬೇಕು. ಬೀದಿಯ ಒಂದು ಗೇಟೂ ತೆರೆಯಲಿಲ್ಲ.

ಮನೆಗೆ ಬಂದು ತಟ್ಟೆಯನ್ನು ಕಾರಿನ ಮುಂದೆ ನೆಲಕ್ಕೆ ಕುಕ್ಕಿ, ಮೆಟ್ಟಿಲ ಮೇಲೆ ತಲೆ ಹಿಡಿದುಕೊಂಡು ಕೂತ. ಪತಂಗ್ ತಟ್ಟೆಯ ಬಳಿ ಹೋದಳು. ಅವಳಿಗಿಂತ ಮೊದಲು ಬಂಪರಿನ ಕೆಳಗಿನಿಂದ ದಪ್ಪನೆಯ ಹೆಗ್ಗಣವೊಂದು ಮೀಸೆ ಕುಣಿಸುತ್ತ ಹೊರಬಂತು. ಪತಂಗ್ ಅದನ್ನೊಮ್ಮೆ, ನಾಣಿಯನ್ನೊಮ್ಮೆ ನೋಡಿದಳು. ಗಿರಾಕಿ ಬಂದಾಗ ಅಂಗಡಿಯ ಆಳು ಸರಿದು ನಿಲ್ಲುವ ಹಾಗೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಜಾಗ ಮಾಡಿಕೊಟ್ಟಳು.